ಚಂದ್ರ ಯಾವ ಕಡೆ

ರಾಜಾಜಿನಗರ, ಬೆಂಗಳೂರು
೧೮-೮-೧೯೫೭

ಚಿ. ಸೌ. ವಿಮಲಳಿಗೆ ನಿನ್ನ ತಂದೆ ಉಗ್ರಪ್ಪನು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಮಾಡುವ ಆಶೀರ್ವಾದಗಳು.

ಇಲ್ಲಿ ನಾನೂ ನಿಮ್ಮಮ್ಮನೂ ನೆಟ್ಟಗಿದ್ದೇವೆ. ಅಲ್ಲಿ ನೀನೂ ಅಳಿಯಂದಿರೂ ಹಾಗೇ ಇರುವಿರೆಂದು ನಂಬಿದ್ದೇವೆ. ನಾಂದಿ ಮುಗಿಯಿತು. ಪರದೆ ಎತ್ತುತ್ತೇನೆ.

ನಿನ್ನೆ ನಾನು ಫ್ಯಾಕ್ಟರಿ ಗೇಟಿನಲ್ಲಿ ಕಾವಲು ನಿಂತಿದ್ದಾಗ ಅಂಚೆಯವನು ಅಳಿಯಂದಿರ ಕಾರ್ಡನ್ನು ಕೈಗಿಟ್ಟ. ಭದ್ರಾವತಿಯಲ್ಲಿ ಮಳೆ ಹೆಚ್ಚು, ಅಕ್ಕಿಗೆ ಮುಗ್ಗಲು ಹಿಡಿದಿದೆ, ಕಾರ್ಖಾನೆಯಲ್ಲಿ ಕೆಲಸ ಜೋರು ಎಂದೆಲ್ಲ ಬರೆದು, ಕೊನೆಗೆ ಜಾಗ ಉಳಿಯಿತಲ್ಲ ಎಂದು ತುಂಬಿಸಿದ ಹಾಗೆ, ವಿಮಲಳಿಗೆ ಈಗ ಮೂರು ತಿಂಗಳು ಎಂದಿತ್ತು. ಮಗಳೇ, ಪಟ್ಟಾಭಿಷೇಕದ ಸುದ್ದಿಯನ್ನು ಯಾರಾದರೂ ಬಾಗಿಲು ಕಾಯುವವನ ಬಾಯಲ್ಲಿ ಹೇಳಿಸುತ್ತಾರೆಯೇ? ನಾನು ಗೇಟನ್ನು ಅರ್ಧ ತೆಗೆದು, ಅರ್ಧ ಮರೆತು ನಿಂತೆ. ಲಾರಿಯವನು ಹಾರ್ನು ಹೊಡೆದು, "ಯಜಮಾನ್ರೇ, ಒಳಕ್ಕೆ ಬಿಡ್ತೀರೋ, ನಾನು ಇಲ್ಲೇ ಮನೆ ಮಾಡ್ಲೋ?" ಎಂದ.

ಸೈರನ್ ಆದದ್ದೇ ಮನೆಗೆ ಓಡಿದೆ. ನಮ್ಮ ಸಾಲಿನ ಮನೆಗಳು ಒಂದೇ ಅಚ್ಚಿನಲ್ಲಿ ಒತ್ತಿದ ಇಟ್ಟಿಗೆಗಳ ಹಾಗಿವೆಯೆಂದು ನಿನಗೆ ಗೊತ್ತೇ ಇದೆ. ಗುರುತಿಗೆ ಒಂದು ಮರವೂ ಇನ್ನೂ ಎದ್ದಿಲ್ಲ, ಎಲ್ಲೆಲ್ಲೂ ಕೆಮ್ಮಣ್ಣು. ಸಂತೋಷದ ಭರದಲ್ಲಿ ಪಕ್ಕದ ಮನೆಗೆ ನುಗ್ಗಿ, "ಎಲೇ, ಕೇಳಿದೆಯಾ?" ಎಂದು ಘರ್ಜಿಸಿಬಿಟ್ಟೆ. ಆ ಮನೆಯಾಕೆ ಸೌಟು ಹಿಡಿದು ನಿಂತು, "ನಿಮ್ಮ ಎಲೇ ಆಚೆ ಮನೇಲವ್ರೆ" ಅಂದರು.

ನಿಮ್ಮಮ್ಮ ಮೊರದಲ್ಲಿ ಅಕ್ಕಿ ಕೇರುತ್ತಿದ್ದಳು. ಕಾರ್ಡು ಓದಿದೆ. ಕೇರುವುದು ನಿಂತಿತು, ಮತ್ತೆ ಶುರುವಾಯಿತು, ಮತ್ತೆ ನಿಂತಿತು. ತಲೆ ಎತ್ತಲಿಲ್ಲ. ಆಮೇಲೆ, "ಕಂಪನಿ ಪೆಟ್ಟಿಗೆ ಇಳಿಸಿ" ಅಂದಳು. ಅಷ್ಟೆ.

ನಮ್ಮ ನಾಟಕದ ಕಂಪನಿ ಮುಚ್ಚಿದ ದಿನ ಮಾಲೀಕರು ಅವಳಿಗೆ ಕೊಟ್ಟ ಪೆಟ್ಟಿಗೆ ಅದು. ವರ್ಷಗಟ್ಟಲೆ ಪರದೆಯ ಹಿಂದೆ ಕೂತು ನಮ್ಮ ಪೋಷಾಕುಗಳನ್ನು ಹೊಲಿದವಳಿಗೆ, ತೇಪೆ ಹಾಕಿದವಳಿಗೆ, ಹುಲಿಯ ಹಾಗೆ ಗರ್ಜಿಸುವ ಈ ಗಂಡನಿಗೆ ಮಾತು ಮರೆತುಹೋದಾಗ ಹಿಂದಿನಿಂದ ಮೆಲ್ಲಗೆ ಎತ್ತಿಕೊಟ್ಟವಳಿಗೆ ಸಂದ ಮರ್ಯಾದೆ: ಹರಿದ ಪೋಷಾಕುಗಳು, ಮತ್ತು ಕೊನೆಯ ಅಂಕದ ಹಿಂಪರದೆ. ನದಿ, ಅರಮನೆ, ಹುಣ್ಣಿಮೆಯ ಚಂದ್ರ. ಅದರಲ್ಲಿ ಗಟ್ಟಿ ಉಳಿದ ಭಾಗವನ್ನು ಪಟ್ಟೆಪಟ್ಟೆಯಾಗಿ ಕತ್ತರಿಸಿ, ಕೆಳಗೆ ಹಳೇ ಸೀರೆಗಳನ್ನಿಟ್ಟು ನಿನಗಾಗಿ ಒಂದು ಕೌದಿ ಹೊಲಿಯುತ್ತಿದ್ದಳಲ್ಲ, ನಿನ್ನ ಮೊದಲನೇ ಬಸಿರಿನಲ್ಲಿ? ಹಾಲು ತರುವ ಲಗ್ಗೆರೆಯ ಹನುಮಕ್ಕ ಅದನ್ನು ಬೊಂತೆ ಅನ್ನುತ್ತಾಳೆ. ನಿಮ್ಮಮ್ಮ ಹುಬ್ಬಳ್ಳಿ ಕ್ಯಾಂಪಿನಲ್ಲಿ ಕಲಿತದ್ದರಿಂದ ನಮಗೆ ಅದು ಕೌದಿ. ಪೆಟ್ಟಿಗೆ ತೆಗೆದು ಅದನ್ನು ಬಿಚ್ಚಿ ಹಾಸಿದೆವು. ಮೂರು ಅಂಚು ಮುಗಿದಿವೆ, ನಾಲ್ಕನೆಯದು ಅರ್ಧದಲ್ಲಿ ನಿಂತಿದೆ. ನಿಂತ ಜಾಗದಲ್ಲಿ ಸೂಜಿ ಚುಚ್ಚಿದ ಹಾಗೇ ಇತ್ತು, ತುಕ್ಕು ಹಿಡಿದು. ಅದರ ಜೊತೆಗೆ ಹೊಲಿದಿದ್ದ ಸಣ್ಣ ಕೌದಿ ಎಲ್ಲಿ ಹೋಯಿತೆಂದು ನಿನಗೂ ಗೊತ್ತು, ನನಗೂ ಗೊತ್ತು. ಅದನ್ನಿಲ್ಲಿ ಬರೆಯುವುದಿಲ್ಲ.

ಈಗ ಅವಳ ಕಣ್ಣಿಗೆ ಪೊರೆ ಬರುತ್ತಿದೆ, ಬೆರಳ ಗೆಣ್ಣುಗಳು ಊದಿವೆ. ಆದರೂ ಮುಗಿಸುತ್ತಾಳಂತೆ. ದಾರ ಪೋಣಿಸುವ ಪಾತ್ರ ನನ್ನದು. ಹೆರಿಗೆಗೆ ನೀನು ತವರಿಗೇ ಬರಬೇಕು, ಇದು ನನ್ನ ಆಜ್ಞೆಯೆಂದು ಬರೆಯಬೇಕೆಂದಿದ್ದೆ. ಬೇಡಿಕೆಯೆಂದೇ ಬರೆಯುತ್ತೇನೆ.

ನಿನ್ನ ತಂದೆ,
ಉಗ್ರಪ್ಪ

*

ಭದ್ರಾವತಿ
೧೦-೯-೧೯೫೭

ತೀರ್ಥರೂಪರಿಗೆ ವಿಮಲಳ ನಮಸ್ಕಾರಗಳು.

ನಿಮ್ಮ ಪತ್ರ ಬಂತು. ನಾನು ಆರೋಗ್ಯವಾಗಿದ್ದೇನೆ. ಇಲ್ಲಿ ಆಸ್ಪತ್ರೆ ಹತ್ತಿರ, ಲೇಡಿ ಡಾಕ್ಟರು ಇದ್ದಾರೆ. ಹೆರಿಗೆ ಇಲ್ಲೇ ಆಗಲಿ ಎಂದುಕೊಂಡಿದ್ದೇನೆ. ಇವರೂ ಒಪ್ಪಿದ್ದಾರೆ. ಹೋದ ಸಲ ಅಲ್ಲಿಗೆ ಬಂದಿದ್ದೆನಲ್ಲ.

ಕೌದಿಗಾಗಿ ಅಮ್ಮ ಕೈ ನೋಯಿಸಿಕೊಳ್ಳುವುದು ಬೇಡ. ಇಲ್ಲಿ ಕಂಬಳಿ ಇದೆ.

ನೀವು ಗೇಟಿನಲ್ಲಿ ಬಿಸಿಲಿಗೆ ನಿಲ್ಲಬೇಡಿ.

ನಿಮ್ಮ ಮಗಳು,
ವಿಮಲ

ಅಮ್ಮ ಏನಾದರೂ ಅಂದಳಾ? ನೀವು ಅಂದದ್ದಲ್ಲ. ಅವಳು.

*

ರಾಜಾಜಿನಗರ
೧೦-೧೦-೧೯೫೭

ಮಗಳು ವಿಮಲಳಿಗೆ, ದಸರೆಯ ಬನ್ನಿಯೊಂದಿಗೆ ಆಶೀರ್ವಾದಗಳು.

ನಿನ್ನ ಪತ್ರವನ್ನು ನಿಮ್ಮಮ್ಮನಿಗೆ ಓದಿ ಹೇಳಿದೆ. "ಅಲ್ಲಿ ಕಂಬಳಿ ಇದೆಯಂತೆ" ಅಂದೆ. "ಇರ್ಲಿ. ಎರಡು ಹೊದ್ಕೊಂಡ್ರೆ ಏನಾಗುತ್ತೆ" ಅಂದಳು. ಕೇಳಿದ್ದೆಯಲ್ಲ, ಅವಳು ಅಂದದ್ದು ಇಷ್ಟು. ನಾನೇನೂ ಸೇರಿಸಿಲ್ಲ.

ಈಗ ಕೇಳು. ಒಂದು ಘೋರ ಪ್ರಮಾದ ಪತ್ತೆಯಾಗಿ, ಈ ಉಗ್ರಪ್ಪನ ಕೈಯಿಂದಲೇ ನಿವಾರಣೆಯಾಗಿದೆ.

ಹಬ್ಬದ ಬಿಸಿಲಿಗೆ ಕೌದಿಯನ್ನು ಅಂಗಳದಲ್ಲಿ ಹರಡಿದ್ದೆವು. ನಾನು ದೂರ ನಿಂತು, ಸೊಂಟಕ್ಕೆ ಕೈಯಿಟ್ಟು ನೋಡುತ್ತೇನೆ. ಚಂದ್ರ ಎಡಗಡೆ ಇದ್ದಾನೆ. ಅರಮನೆ ಬಲಗಡೆ ಇದೆ. ಇಡೀ ಆಕಾಶ ಮಗ್ಗುಲು ಬದಲಿಸಿ ಮಲಗಿದೆ.

"ಇದೇನೇ ಇದು, ಬಟ್ಟೆಯ ಹಿಂಭಾಗ ಮೇಲಕ್ಕೆ ಹಾಕಿ ಹೊಲಿದಿದ್ದೀಯೆ?" ಅಂದೆ.

"ಇರ್ಲಿ ಬಿಡಿ."

"ಇರ್ಲಿ ಅಂದ್ರೆ? ಈ ಚಂದ್ರ ಜನರ ಬಲಗಡೆ ಇದ್ದೋನು. ಎಷ್ಟು ಊರಿನ ಜನ ನೋಡಿಲ್ಲ ಇವನನ್ನ?"

"ನೋಡಿದೋರೆಲ್ಲ ಈಗ ಎಲ್ಲಿದಾರೆ?" ಅಂದು ಒಳಗೆ ಹೋದಳು.

ನನಗೆ ಪಾಪ ಅನಿಸಿತು. ಆಗಲೇ ಪೊರೆ ಶುರುವಾಗಿತ್ತೇನೋ, ಹಿಂದುಮುಂದು ತಿಳಿಯದೆ ಹೊಲಿದಿದ್ದಾಳೆ. ನಾಲ್ಕು ಜನ ನೋಡಿ ನಕ್ಕರೆ ಅವಳ ಮಾನ ಏನಾಗಬೇಕು? ಅಷ್ಟರಲ್ಲಿ ಹನುಮಕ್ಕನ ತಂಗಿಯ ಮಗಳ ಮದುವೆ ಬಂತು. ನಿಮ್ಮಮ್ಮನನ್ನು ಗಾಡಿಯಲ್ಲಿ ಕೂರಿಸಿಕೊಂಡು ಲಗ್ಗೆರೆಗೆ ಕರೆದೊಯ್ದಳು. ಮನೆ ಖಾಲಿ. ರಂಗ ಸಜ್ಜು. ನಾನು ಫ್ಯಾಕ್ಟರಿಗೆ ರಜೆ ಹೇಳಿ, ಬಾಗಿಲು ಹಾಕಿಕೊಂಡು, ಅಂಚಿನ ಹೊಲಿಗೆ ಆದಷ್ಟು ಉಳಿಸಿ, ಮಿಕ್ಕಿದ್ದನ್ನೆಲ್ಲ ಬ್ಲೇಡಿನಲ್ಲಿ ಕುಯ್ದು ಪರದೆಯ ಪಟ್ಟೆಗಳನ್ನು ಬಿಡಿಸಿದೆ. ಒಂದೊಂದನ್ನೂ ಮಗುಚಿದೆ, ಆಚೆಯದನ್ನು ಈಚೆಗೆ, ಈಚೆಯದನ್ನು ಆಚೆಗೆ ತಂದೆ. ಬಣ್ಣ ಮೆತ್ತಿದ ಬಟ್ಟೆ ಮರದ ಹಾಗೆ ಗಡುಸು. ಮನೆಯ ಸೂಜಿಗಳು ಪಟಪಟನೆ ಮುರಿದವು. ಕೊನೆಗೆ ನಮ್ಮ ಗೇಟಿನಲ್ಲಿ ಗೋಣಿಮೂಟೆ ಹೊಲಿಯುವ ದಬ್ಬಳವನ್ನು ತಂದೆ. ಮಗಳೇ, ಗದೆ ತಿರುಗಿಸಿದ್ದೇನೆ, ಬಿಲ್ಲು ಎತ್ತಿದ್ದೇನೆ, ಅವೆಲ್ಲ ಮರದ್ದು. ಈ ದಬ್ಬಳ ನಿಜವಾದ ಆಯುಧ. ನನ್ನ ಹೆಬ್ಬೆರಳು ಸಾಕ್ಷಿ.

ಅವಳು ಮದುವೆಯಿಂದ ಬಂದಾಗ ಕೌದಿಯನ್ನು ಗೋಡೆಗೆ ಇಳಿಬಿಟ್ಟು ಪಕ್ಕದಲ್ಲಿ ಕೈಚಾಚಿ ನಿಂತಿದ್ದೆ. ಚಂದ್ರ ಬಲಗಡೆ. ಹನುಮಕ್ಕ ಮೊದಲು ನೋಡಿದಳು. "ಏನ್ ಸಾಮಿ, ಇದು ಹೊಲ್ದಿರೋದಾ, ಬಾವಿ ತೋಡಿರೋದಾ? ಒಂದೊಂದು ತೂತಲ್ಲೂ ಇಲಿ ಹೋಯ್ತದೆ" ಅಂದಳು. ಸವರಿ ನೋಡಿದರೆ ಅವಳ ಅಂಗೈಗೆ ನೀಲಿ ಬಣ್ಣ ಉದುರಿತು. "ಇದ್ನ ಮಗ ಬಾಯ್ಗ್ ಇಕ್ಕೊಂಡ್ರೆ?" ಅಂದಳು. ಕಲೆಯ ವಿಷಯ ಹಾಲಿನವಳಿಗೆ ಏನು ತಿಳಿದೀತು.

ನಿಮ್ಮಮ್ಮ ಹತ್ತಿರ ಬಂದು, ಮುಖ ಬಟ್ಟೆಗೆ ತಾಗುವಷ್ಟು ಬಾಗಿ ನೋಡಿದಳು. ಚಂದ್ರನಿದ್ದ ಎಡಗಡೆಯ ಜಾಗದ ಮೇಲೆ ಕೈಯಾಡಿಸಿದಳು. ಅಲ್ಲಿ ಈಗ ಅರಮನೆ. "ಆಯ್ತು ಬಿಡಿ, ಚೆನ್ನಾಗಿದೆ" ಅಂದಳು. ಮದುವೆಯ ಆಯಾಸವೋ ಏನೋ, ಹೆಚ್ಚು ಮಾತಾಡಲಿಲ್ಲ. ಆವತ್ತಿನಿಂದ ಕೌದಿಯನ್ನು ಮುಟ್ಟಿಲ್ಲ. ನಾಲ್ಕನೇ ಅಂಚು ಹಾಗೇ ಇದೆ.

ಆದರೂ ಚಪ್ಪಾಳೆ ನನಗೆ ಸಲ್ಲಬೇಕೋ ಬೇಡವೋ, ನೀನೇ ಬರೆ.

ಇಂತಿ,
ಆಕಾಶವನ್ನು ಸರಿಪಡಿಸಿದ ನಿನ್ನ ತಂದೆ,
ಉಗ್ರಪ್ಪ

*

ಭದ್ರಾವತಿ
೧೭-೧೧-೧೯೫೭

ಅಪ್ಪ,

ನಿಮ್ಮ ಪತ್ರ ಬಂದು ಬಹಳ ದಿನವಾಯಿತು. ಬರೆಯಲು ಕೂತಾಗಲೆಲ್ಲ ಎದ್ದುಬಿಡುತ್ತಿದ್ದೆ.

ಚಂದ್ರ ಎಡಗಡೆ ಇದ್ದಾನೆ ಎಂದು ಬರೆದಿದ್ದೀರಲ್ಲ, ಅಲ್ಲಿಂದ ಮುಂದಕ್ಕೆ ಓದಲು ನನಗೆ ಆಗಲೇ ಇಲ್ಲ. ಇವರು ಊಟಕ್ಕೆ ಕೂತಿದ್ದರು. ಸಾರಿನ ಸೌಟು ಕೈಯಲ್ಲೇ ಇತ್ತು. "ಏನಾಯ್ತು, ಊರಲ್ಲಿ ಎಲ್ಲ ಸರಿಯಾಗಿದೆ ತಾನೆ?" ಅಂದರು. "ಚಂದ್ರ ಎಡಗಡೆ ಇದ್ದನಂತೆ" ಅಂದೆ. ಅವರು ತಟ್ಟೆಯನ್ನು ಪಕ್ಕಕ್ಕಿಟ್ಟು ನನ್ನ ಹಣೆ ಮುಟ್ಟಿ ನೋಡಿದರು.

ಅವನು ಎಡಗಡೆಯೇ ಇದ್ದದ್ದು ಅಪ್ಪ. ಬಲಗಡೆಯೂ ಇರುತ್ತಾನೆಂದು ನನಗೆ ಗೊತ್ತೇ ಇರಲಿಲ್ಲ.

ಪೋಷಾಕಿನ ಗಂಟುಗಳ ಮೇಲೆ ನನ್ನನ್ನು ಮಲಗಿಸಿ ಅಮ್ಮ ಪಕ್ಕದಲ್ಲಿ ಹೊಲಿಯುತ್ತಾ ಕೂತಿರುತ್ತಿದ್ದಳು. ನಮ್ಮ ಕಡೆ ಕತ್ತಲು. ಪೆಟ್ರೊಮ್ಯಾಕ್ಸುಗಳೆಲ್ಲ ನಿಮ್ಮ ಕಡೆ. ಕೊನೆಯ ಅಂಕಕ್ಕೆ ಆ ಪರದೆ ಬಿಟ್ಟರೆ, ಅದು ಬಟ್ಟೆ ಅನಿಸುತ್ತಿರಲಿಲ್ಲ. ಬೆಳಕು ಅದರೊಳಗಿಂದ ಸೋರಿ ನದಿ ಉರಿಯುತ್ತಿತ್ತು. ಚಂದ್ರ ಹಣ್ಣಿನ ಹಾಗೆ, ನನ್ನ ಎಡಗಡೆ, ಕೈಗೆ ಸಿಗುವಷ್ಟು ಹತ್ತಿರ. ಆಮೇಲೆ ಆ ಬೆಳಕಿನೊಳಗೆ ನೀವು ಬರುತ್ತಿದ್ದಿರಿ. ನೀವಲ್ಲ, ನಿಮ್ಮ ನೆರಳು. ಕಿರೀಟ ಮೇಲಿನ ಬಿದಿರಿಗೆ ತಾಗುತ್ತಿತ್ತು. ನೀವು ಕೈಯೆತ್ತಿ ಗುಡುಗಿದರೆ ಆ ಕಪ್ಪು ಕೈ ಚಂದ್ರನ ಮೇಲೆ ಹೋಗಿ ಅವನನ್ನು ಮುಚ್ಚಿ, ಮತ್ತೆ ಬಿಡುತ್ತಿತ್ತು. ಅಮ್ಮ ಸೂಜಿಯನ್ನು ತುಟಿಯಲ್ಲಿ ಹಿಡಿದು ನಿಮ್ಮ ಮಾತುಗಳನ್ನು ನಿಮಗಿಂತ ಒಂದು ಉಸಿರು ಮುಂಚೆ ಪಿಸುಗುಟ್ಟುತ್ತಿದ್ದಳು. ಲೋಕ ಹುಟ್ಟಿದ್ದು ಹೀಗೇ ಅಂದುಕೊಂಡಿದ್ದೆ. ಅಮ್ಮ ಮೆಲ್ಲಗೆ ಹೇಳುತ್ತಾಳೆ, ನೀವು ಗಟ್ಟಿಯಾಗಿ ಹೇಳುತ್ತೀರಿ, ಆಮೇಲೆ ಅದು ಆಗುತ್ತದೆ.

ಮುಂದೆ ಕೂತ ಜನ ಬಲಗಡೆಯ ಚಂದ್ರನನ್ನು ನೋಡಿದರು. ನೀವು ಪರದೆಗೆ ಬೆನ್ನು ಹಾಕಿ ನಿಂತವರು, ಯಾವ ಕಡೆಯವನನ್ನೂ ನೋಡಲಿಲ್ಲ. ಎಡಗಡೆಯ ಚಂದ್ರ ನಮ್ಮಿಬ್ಬರಿಗೇ ಇದ್ದದ್ದು, ಅಮ್ಮನಿಗೆ ಮತ್ತು ನನಗೆ. ಅವಳು ತಪ್ಪಾಗಿ ಹೊಲಿದಿಲ್ಲ. ನನಗೆಂದು ಹೊಲಿದಿದ್ದಾಳೆ.

ಹಾಗಾದರೆ ಹೋದ ಸಲ, ಅವತ್ತು, ಅಮ್ಮ ನನ್ನ ಮುಖವನ್ನೇಕೆ ನೋಡಲಿಲ್ಲ? ಮಗುವನ್ನು ಆ ಸಣ್ಣ ಕೌದಿಯಲ್ಲಿ ಸುತ್ತಿ ನಿಮ್ಮ ಕೈಗೆ ಕೊಟ್ಟಳು. ನೀವು ಹೊತ್ತುಕೊಂಡು ಹೋದಿರಿ. ಆಮೇಲೆ ನಾನು ಅಲ್ಲಿದ್ದಷ್ಟು ದಿನವೂ ಗೋಡೆಯ ಕಡೆ ನೋಡುತ್ತಲೇ ನನಗೆ ಗಂಜಿ ಕೊಟ್ಟಳು. ಒಂದು ಮಾತು ಆಡಲಿಲ್ಲ. ನನ್ನ ಮೈಯಲ್ಲೇ ಏನೋ ಕೊರತೆ ಇದೆ, ಅದಕ್ಕೇ ಅಮ್ಮನಿಗೆ ನನ್ನನ್ನು ಕಂಡರಾಗುತ್ತಿಲ್ಲ ಅಂದುಕೊಂಡೇ ರೈಲು ಹತ್ತಿದೆ. ಮತ್ತೆ ಬರಲು ಕಾಲು ಬರಲಿಲ್ಲ.

ಈ ಪತ್ರವನ್ನು ಅವಳಿಗೆ ಓದಿ ಹೇಳಿ. ಇದ್ದ ಹಾಗೆ ಓದಿ. ದನಿ ಏರಿಸಬೇಡಿ.

ವಿಮಲ

*

ರಾಜಾಜಿನಗರ
೫-೧೨-೧೯೫೭

ಮಗಳೇ,

ದನಿ ಏರಿಸದೆ ಓದಿದೆ. ನನ್ನ ಜೀವಮಾನದಲ್ಲಿ ಅಷ್ಟು ಮೆಲ್ಲಗೆ ಯಾವುದನ್ನೂ ಓದಿಲ್ಲ. ಅರ್ಧದಲ್ಲಿ ನಿಮ್ಮಮ್ಮ, "ಒಸಿ ಗಟ್ಟಿಯಾಗಿ ಓದಿ, ಕೇಳಿಸ್ತಿಲ್ಲ" ಅಂದಳು.

ಮುಗಿದ ಮೇಲೆ ಅವಳು ಬಹಳ ಹೊತ್ತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಾ ಕೂತಿದ್ದಳು. ಆಮೇಲೆ ಹೇಳಿದ್ದನ್ನು ಒಂದಕ್ಷರ ಹೆಚ್ಚಿಸದೆ, ಒಂದಕ್ಷರ ತಗ್ಗಿಸದೆ ಬರೆಯುತ್ತೇನೆ.

"ಅವಳ ಮುಖ ನೋಡೋಕಾಗ್ದೆ ಅಲ್ಲ. ನನ್ನ ಮುಖ ಅವಳಿಗೆ ತೋರಿಸೋಕಾಗ್ಲಿಲ್ಲ. ಹುಟ್ಟೋಕೆ ಮುಂಚೆ ಮಗೂಗೆ ಬಟ್ಟೆ ಹೊಲೀಬಾರ್ದು ಅಂತ ಹನುಮಕ್ಕ ಬಡ್ಕೊಂಡ್ಲು. ನಾನು ಕೇಳ್ಲಿಲ್ಲ. ಸಣ್ಣದನ್ನ ನಾಲ್ಕು ಅಂಚೂ ಮುಚ್ಚಿ, ಮಡಿಸಿ, ದಿಂಬಿನ ಕೆಳಗೆ ಇಟ್ಕೊಂಡಿದ್ದೆ. ಅಷ್ಟು ಆಸೆ. ಆ ಕೂಸು ಒಂದು ದಿನಾನೂ ಇರ್ಲಿಲ್ಲ. ನನ್ನ ಸೂಜಿ ಕಣ್ಣೇ ತಾಕ್ತು ಅಂದ್ಕೊಂಡೆ. ಇದನ್ನ ಹೆತ್ತ ಮಗಳಿಗೆ ಯಾವ ಬಾಯಲ್ಲಿ ಹೇಳ್ಲಿ?"

ವಿಮಲ, ಅವತ್ತಿನಿಂದ ಇವತ್ತಿನವರೆಗೂ ಒಂದೇ ಕೋಣೆಯ ಮನೆಯಲ್ಲಿ, ಒಂದೇ ಚಾಪೆಯ ಆಚೆಗೊಬ್ಬರು ಈಚೆಗೊಬ್ಬರು ಮಲಗಿದ್ದೇವೆ. ನನಗೆ ಇದು ಗೊತ್ತಿರಲಿಲ್ಲ. ನೀನು ಬರೆದದ್ದು ಸರಿ, ನಾನು ಎಲ್ಲದಕ್ಕೂ ಬೆನ್ನು ಹಾಕಿಯೇ ನಿಂತಿದ್ದೆ, ಬೆಳಕು ಬರುವ ಕಡೆಗೆ ಮುಖ ಮಾಡಿ.

ನನಗೆ ತೋಚಿದ್ದನ್ನು ಹೇಳಿದೆ. "ನಿನ್ನ ಸೂಜಿಗೆ ಅಷ್ಟು ಶಕ್ತಿ ಇದ್ದಿದ್ರೆ ನಮ್ಮ ಕಂಪನಿ ಮುಚ್ತಾ ಇರ್ಲಿಲ್ಲ ಕಣೇ" ಅಂದೆ. ಸೆರಗು ಬಿಟ್ಟು ನನ್ನ ಕಡೆ ತಿರುಗಿದಳು. ಆಮೇಲೆ ನಕ್ಕಳು. ನಗು ಅಳುವಾಯಿತು. ಅಳಲಿ ಎಂದು ಬಿಟ್ಟೆ. ಹೊರಗೆ ಹನುಮಕ್ಕ ಹಾಲಿನ ಚೊಂಬು ಹಿಡಿದು ನಿಂತವಳು, ಕೇಳಿಸಿಕೊಂಡಳೆಂದು ಕಾಣುತ್ತದೆ. ಒಳಗೆ ಬಂದು, "ನಾನ್ ಏನೋ ಬಾಯ್ಗ್ ಬಂದಂಗೆ ಅಂದಿದ್ದು ಕಣಕ್ಕಾ. ನಮ್ಮಟ್ಟೀಲಿ ಹುಟ್ಟೋಕ್ ಮುಂಚೆ ಬೊಂತೆ ಹೊಲ್ದು ಹೊಲ್ದು ಆರು ಮಕ್ಳು ಗುಂಡ್ಕಲ್ಲಂಗವ್ರೆ" ಅಂದಳು. ಅದು ಸುಳ್ಳೋ ನಿಜವೋ ನನಗೆ ತಿಳಿಯದು. ಅಂಥ ನಟನೆಯನ್ನು ನಾನು ಯಾವ ರಂಗದಲ್ಲೂ ಕಂಡಿಲ್ಲ.

ಮಾರನೆಯ ದಿನ ಕೌದಿ ಇಳಿಸಿದೆವು. ಮತ್ತೆ ಬಿಚ್ಚಿದೆ. ಪಟ್ಟೆಗಳನ್ನು ಮತ್ತೆ ಮಗುಚಿದೆ. ಈ ಸಲ ಅವಳು ಪಕ್ಕದಲ್ಲೇ ಕೂತು ಎಲ್ಲೆಲ್ಲಿ ಚುಚ್ಚಬೇಕೆಂದು ಬೆರಳಿಟ್ಟು ತೋರಿಸಿದಳು, ನಾನು ದಬ್ಬಳ ತೂರಿಸಿದೆ. ಹಳೆಯ ತೂತು ಒಂದು ಕಡೆ, ಹೊಸ ಹೊಲಿಗೆ ಇನ್ನೊಂದು ಕಡೆ. ನನ್ನ ಸಾಲುಗಳು ಕುಡಿದವನ ನಡಿಗೆಯ ಹಾಗೆ ಹೋಗುತ್ತವೆ. ಅವಳ ಹಳೆಯ ಹೊಲಿಗೆ ಉಳಿದ ಕಡೆ ನೋಡಿದರೆ ಇರುವೆ ಸಾಲು. ಎರಡೂ ಒಂದೇ ಬಟ್ಟೆಯ ಮೇಲಿವೆ.

ತೂತುಗಳ ಮೇಲೆಲ್ಲ ಜರಿಯ ತೇಪೆ ಹಾಕೋಣ ಅಂದೆ. ಬೇಡ ಅಂದಳು. ತುಕ್ಕು ಹಿಡಿದ ಸೂಜಿ ಇದ್ದ ಜಾಗದಲ್ಲಿ ಕಂದು ಕಲೆ ಉಳಿದಿದೆ. ಅದನ್ನಾದರೂ ಮುಚ್ಚೋಣ ಅಂದೆ. "ಅದೂ ಇರ್ಲಿ. ಎಲ್ಲಿ ನಿಂತಿದ್ದೆ ಅಂತ ಗೊತ್ತಾಗ್ಬೇಕು" ಅಂದಳು. ಆ ಕಲೆಯ ಪಕ್ಕದಿಂದಲೇ ಹೊಸ ದಾರ ಹಿಡಿದು ನಾಲ್ಕನೇ ಅಂಚನ್ನು ತಾನೇ ಮುಗಿಸಿದಳು. ಊದಿದ ಬೆರಳಲ್ಲಿ, ದಿನಕ್ಕೆ ಗೇಣುದ್ದ. ನಾನು ದಾರ ಪೋಣಿಸಿಕೊಡುತ್ತಾ ಕೂತೆ, ಬಾಯಿ ತೆರೆಯಲಿಲ್ಲ. ಅವಳಿಗೇ ಗಾಬರಿಯಾಗಿ, "ಮೈ ಹುಷಾರಾಗಿದೀರಾ?" ಅಂದಳು.

ಈಗ ಸಣ್ಣದು ಶುರುವಾಗಿದೆ. ಪೋಷಾಕುಗಳಲ್ಲಿ ಮೆ‌ತ್ತಗಿರುವವನ್ನು ಆರಿಸುತ್ತಿದ್ದಾಳೆ. ನನ್ನ ರಾಜನ ಮೇಲಂಗಿಯ ತೋಳು, ಸಖಿಯರ ಸೀರೆ, ರಾಕ್ಷಸನ ಕೆಂಪು ಶಲ್ಯ. ಮೂರು ಅಂಚು ಹೊಲಿದು, ಒಂದನ್ನು ಬಿಟ್ಟಿರುತ್ತಾಳಂತೆ. "ಅದು ಬಂದ ಮೇಲೆ ಮುಚ್ಚೋಣ" ಅಂದಳು.

ಹೆರಿಗೆಗೆ ಬಾ ಎಂದು ಈ ಸಲ ನಾನು ಬರೆಯುವುದಿಲ್ಲ. ಅವಳು ಬರೆಸಿದ್ದು ಇದು: "ಬರೋದು ಬಿಡೋದು ಅವಳಿಷ್ಟ. ಚಂದ್ರನ್ನ ಅವಳ ಕಡೆಗೇ ಇಟ್ಟಿದೀನಿ ಅನ್ನಿ."

ಉಗ್ರಪ್ಪ

*

ಭದ್ರಾವತಿ
೧೮-೧೨-೧೯೫೭

ಅಪ್ಪ,

ಕಾರ್ಡಿನಲ್ಲಿ ಜಾಗ ಕಡಿಮೆ. ಬರುವ ಭಾನುವಾರದ ರೈಲಿಗೆ ಇವರು ಕರೆದುಕೊಂಡು ಬರುತ್ತಾರೆ. ಡಾಕ್ಟರನ್ನು ಕೇಳಿದ್ದೇವೆ, ಈಗ ಪ್ರಯಾಣ ಮಾಡಬಹುದಂತೆ.

ಅಮ್ಮನಿಗೆ ಹೇಳಿ: ಕಂಬಳಿ ತರುತ್ತಿಲ್ಲ.

ವಿಮಲ

*

ರಾಜಾಜಿನಗರ
೨-೩-೧೯೫೮

ಚಿ. ವೆಂಕಟೇಶ್ ಅವರಿಗೆ ಮಾವ ಉಗ್ರಪ್ಪನ ಆಶೀರ್ವಾದಗಳು.

ಹೆಣ್ಣು ಮಗು, ತಾಯಿ ಮಗು ಇಬ್ಬರೂ ಕ್ಷೇಮ ಎಂದು ತಂತಿ ಕೊಟ್ಟಿದ್ದೆ, ತಲುಪಿರಬೇಕು. ನೋಡಿದಿರಾ, ಮುಖ್ಯವಾದ ಮಾತನ್ನು ಮೊದಲು ಹಾಕಿದ್ದೇನೆ. ಮಳೆ ಬೆಳೆ ಆಮೇಲೆ.

ಹನುಮಕ್ಕನೂ ಆಸ್ಪತ್ರೆಯ ನರ್ಸಮ್ಮನೂ ಒಬ್ಬರನ್ನೊಬ್ಬರು ಗದರಿಸಿಕೊಂಡೇ ಮನೆಯಲ್ಲೇ ಹೆರಿಗೆ ಮಾಡಿಸಿದರು. ಮಗುವಿನ ದನಿ ನನ್ನದು. ಮೊದಲ ಕೂಗಿಗೇ ಪಕ್ಕದ ಮನೆಯಾಕೆ ಸೌಟು ಹಿಡಿದು ಓಡಿಬಂದರು.

ನಮ್ಮದು ಒಂದೇ ಕೋಣೆ, ನಿಮಗೆ ಗೊತ್ತು. ಬಾಣಂತಿಗೆ ಮರೆ ಬೇಕಲ್ಲ, ನನ್ನ ಅತ್ತೆ ಕಾಲದ ಸೀರೆಯೊಂದನ್ನು ಕಟ್ಟೋಣ ಅಂದೆ. ನಿಮ್ಮತ್ತೆ, "ಕೌದಿ ಕಟ್ಟಿ" ಅಂದಳು. ಗೋಡೆಯಿಂದ ಗೋಡೆಗೆ ಹಗ್ಗ ಬಿಗಿದು ದೊಡ್ಡ ಕೌದಿಯನ್ನು ಇಳಿಬಿಟ್ಟೆವು. ಚಿತ್ರವಿರುವ ಮುಖ ಒಳಗಡೆಗೆ, ವಿಮಲಳ ಚಾಪೆಯ ಕಡೆಗೆ. ಹಳೇ ಸೀರೆಗಳ ಬೆನ್ನು ಹೊರಗಡೆಗೆ, ಬಾಗಿಲ ಕಡೆಗೆ. ಪುರುಡು ಕಳೆಯುವವರೆಗೆ ನನಗೆ ಒಳಗೆ ಪ್ರವೇಶವಿಲ್ಲ. ಎಂದಾದರೂ ಕೇಳಿದ್ದೀರಾ ಅಳಿಯಂದಿರೇ, ನಾಯಕನನ್ನು ಜನರ ಜೊತೆ ಚಾಪೆಯ ಮೇಲೆ ಕೂರಿಸಿದ ನಾಟಕವನ್ನು? ಕೂತೆ. ಪರದೆಯ ಆಚೆ ಮಗು ಅಳುವುದು, ತಾಯಿ ಮಗಳು ಮಾತಾಡುವುದು, ನಗುವುದು ಎಲ್ಲ ಕೇಳಿಸುತ್ತಿತ್ತು. ಏನು ಮಾತು ಎಂದು ಕೇಳಬೇಡಿ. ಮೂರು ವರ್ಷ ಆಡದೇ ಇದ್ದವರು ಅವರು, ನಡುವೆ ಉಸಿರೂ ತೆಗೆದುಕೊಳ್ಳುತ್ತಿರಲಿಲ್ಲ. ಅವಳ ಮುಖ ಇವಳು, ಇವಳ ಮುಖ ಅವಳು ನೋಡುತ್ತಿದ್ದಾರೆಂದು ದನಿಯಿಂದಲೇ ಗೊತ್ತಾಗುತ್ತಿತ್ತು. ಸಣ್ಣ ಕೌದಿಯ ಕೊನೆಯ ಅಂಚನ್ನು ವಿಮಲಳೇ ಮುಚ್ಚಿದಳು, ಮಗುವನ್ನು ತೊಡೆಯ ಮೇಲಿಟ್ಟುಕೊಂಡು. ಆ ಹೊಲಿಗೆಯೂ ಸೊಟ್ಟವೇ, ನನ್ನ ವಂಶದ್ದು.

ನಿನ್ನೆ ಬೆಳಿಗ್ಗೆ ಸ್ನಾನವೆಲ್ಲ ಆಯಿತು. ಒಳಗಿನಿಂದ ನಿಮ್ಮತ್ತೆ, "ಏನೂಂದ್ರೆ, ಬನ್ನಿ ಈ ಕಡೆ" ಎಂದು ಕರೆದಳು.

ನಾನು ಕೌದಿಯನ್ನು ಸರಿಸಿ ಒಳಗೆ ಹೋಗಿ, ತಿರುಗಿ ನಿಂತೆ. ಆಯಸ್ಸೆಲ್ಲ ಅದರ ಮುಂದೆ ದುಡಿದವನು ಮೊದಲ ಸಲ ಅದರ ಹಿಂದೆ ನಿಂತಿದ್ದೆ.

ಹೊರಬಾಗಿಲು ತೆರೆದಿತ್ತು. ಎಳೆ ಬಿಸಿಲು ನೇರ ಬಂದು ಕೌದಿಯ ಆ ಮುಖಕ್ಕೆ ಬಿದ್ದಿತ್ತು. ಈ ಕಡೆ ಮಬ್ಬು. ಮಬ್ಬಿನಲ್ಲಿ ನದಿ, ಅರಮನೆ, ಎಡಗಡೆಗೆ ಮಾಸಿದ ಚಂದ್ರ. ಅವನ ಸುತ್ತ, ಆಕಾಶದ ತುಂಬ, ನದಿಯ ಮೇಲೂ, ಅರಮನೆಯ ಗೋಪುರಕ್ಕೆ ಅಡ್ಡಲಾಗಿಯೂ, ಬೆಳಕಿನ ಚುಕ್ಕೆಗಳು. ಕೆಲವು ಸಾಲಾಗಿ, ಕೆಲವು ಗುಂಪಾಗಿ, ಕೆಲವು ದಾರಿ ತಪ್ಪಿ ಒಂಟಿಯಾಗಿ. ಕೌದಿ ಗಾಳಿಗೆ ಆಡಿದ ಹಾಗೆಲ್ಲ ಅವು ಮಿನುಗುತ್ತಿದ್ದವು. ಮಗುವಿನ ಹಣೆಯ ಮೇಲೆ, ವಿಮಲಳ ಕೆನ್ನೆಯ ಮೇಲೆ, ನನ್ನ ಅಂಗಿಯ ಮೇಲೆ ಅವೇ ಚುಕ್ಕೆಗಳು ಓಡಾಡುತ್ತಿದ್ದವು.

ಇದೇನು ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ನನ್ನ ದಬ್ಬಳದ ತೂತುಗಳು. ಒಂದು ಸಲ ತಿದ್ದಲು ಹೋಗಿ, ಇನ್ನೊಂದು ಸಲ ತಿದ್ದಿದ್ದನ್ನು ತಿದ್ದಲು ಹೋಗಿ, ನಾನು ತೋಡಿದ ಬಾವಿಗಳು.

"ಕಂಪನಿ ಪರದೇಲಿ ನಕ್ಷತ್ರ ಇರ್ಲಿಲ್ಲ. ಪೇಂಟರು ಮರೆತಿದ್ದ" ಅಂದಳು ನಿಮ್ಮತ್ತೆ. "ನನ್ನ ಕಣ್ಣಿಗೆ ಈಗ ಚಂದ್ರ ಮಸುಕು. ಇವು ಕಾಣ್ತವೆ."

ನಾನು ಏನಾದರೂ ಹೇಳಬೇಕಿತ್ತು. ಎಂಥೆಂಥ ಆಕಾಶಗಳ ಕೆಳಗೆ ಎಂಥೆಂಥ ಮಾತು ಸುರಿಸಿದ ಬಾಯಿ ಇದು. ಒಂದು ಅಕ್ಷರ ಬರಲಿಲ್ಲ. ಕೈ ಮಾತ್ರ ಅಭ್ಯಾಸಬಲದಿಂದ ಅರ್ಧ ಎದ್ದು, ಅಲ್ಲೇ ನಿಂತಿತ್ತು. ವಿಮಲ ಮಗುವನ್ನು ತಂದು ಆ ಕೈಗಳ ಮೇಲಿಟ್ಟಳು. ರಾಜನ ತೋಳು, ಸಖಿಯರ ಸೀರೆ, ರಾಕ್ಷಸನ ಶಲ್ಯ, ಅವುಗಳೊಳಗೆ ಕಣ್ಣು ಬಿಟ್ಟುಕೊಂಡು ಅದು ನನ್ನನ್ನೇ ನೋಡುತ್ತಿತ್ತು, ಇವನು ಯಾವಾಗ ಶುರುಮಾಡುತ್ತಾನೋ ಎಂಬಂತೆ.

ನಿಮ್ಮತ್ತೆ ನನ್ನ ಬೆನ್ನ ಹಿಂದೆ ಬಂದು ನಿಂತಳು. ಹಳೆಯ ದನಿಯಲ್ಲಿ, ಮುಂದೆ ಕೂತವರಿಗೆ ಕೇಳಿಸದಷ್ಟು ಮೆಲ್ಲಗೆ, ಎತ್ತಿಕೊಟ್ಟಳು:

"ಬಂದೆಯಾ ತಾಯಿ, ಅನ್ನಿ."

ಅಂದೆ. ಮೆಲ್ಲಗೇ ಅಂದೆ.

ಇಂತಿ ನಿಮ್ಮ ಮಾವ,
ಉಗ್ರಪ್ಪ